ಬೀಜ ತೆಗೆಯುವುದೆಂದರೆ

ಡಾಕ್ಟರ್ ಬೆರುತ್ತಿ ಕೈಗವಸು ಬಿಚ್ಚಿ ಬಕೆಟ್ಟಿಗೆ ಎಸೆದು, "ಪ್ಯಾಂಟು ಹಾಕ್ಕೊಳ್ಳಿ" ಅಂದರು. ಹಾಕಿಕೊಂಡೆ. ನಾನು ಜಾನುವಾರು ಸಾಕುವ ಎಸ್ಟೇಟಿನಲ್ಲಿ ಕುದುರೆ ಪಳಗಿಸುವವನು. ಎಡಗಡೆ ತೊಡೆಸಂದಿಯಲ್ಲಿ ಒಂದು ಗಂಟಿತ್ತು, ಜೀನಿನ ಮೇಲೆ ಕೂತಾಗಲೆಲ್ಲ ನೋಯುತ್ತಿತ್ತು. ಹರ್ನಿಯಾ ಇರಬೇಕು ಅಂದುಕೊಂಡು ಬಹಳ ದಿನ ಸೊಂಟಕ್ಕೆ ಪಟ್ಟಿ ಬಿಗಿದು ಓಡಾಡಿದೆ. ಕೊನೆಗೆ ಕುದುರೆ ಹತ್ತುವುದೇ ಕಷ್ಟವಾದಾಗ ತಕ್ವಾರೆಂಬೊ ಪೇಟೆಯ ಆಸ್ಪತ್ರೆಗೆ ಬಂದಿದ್ದೆ.

"ಹರ್ನಿಯಾ ಅಲ್ಲ ಇದು, ಅದೆಮಾರ್" ಅಂದರು ಡಾಕ್ಟರು. "ನಿಮ್ಮ ಬೀಜ. ಹುಟ್ಟೋ ಹೊತ್ತಿಗೆ ಕೆಳಗೆ ಇಳೀಬೇಕಿತ್ತು, ದಾರೀಲೇ ನಿಂತುಬಿಟ್ಟಿದೆ. ನಿಮಗೆ ಗೊತ್ತಿರಲಿಲ್ವಾ?"

"ಕೆಳಗೆ ಒಂದೇ ಇರೋದು ಗೊತ್ತಿತ್ತು. ಇನ್ನೊಂದು ಎಲ್ಲಿದೆ ಅಂತ ಗೊತ್ತಿರಲಿಲ್ಲ."

"ಮಗು ಆಗಿದ್ದಾಗ ಕರ್ಕೊಂಡು ಬಂದಿದ್ರೆ ಕೆಳಗೆ ಎಳೆದು ಕೂರಿಸಿ ಹೊಲಿದುಬಿಡ್ತಿದ್ವಿ. ಈಗ ನಿಮಗೆ ಮೂವತ್ತೆಂಟು. ಇಷ್ಟು ವರ್ಷ ಮೈ ಬಿಸಿಯಲ್ಲಿ ಕೂತಿರೋದ್ರಿಂದ ಅದು ಕೆಲಸಕ್ಕೆ ಬರಲ್ಲ. ಹಾಗೇ ಬಿಟ್ರೆ ಮುಂದೆ ಗಡ್ಡೆ ಆಗೋ ಭಯ. ಬೀಜ ತೆಗೆದುಬಿಡೋದೇ ಒಳ್ಳೇದು."

"ಸರಿ."

"ಏನಾದ್ರೂ ಕೇಳೋದಿದ್ಯಾ?"

"ಇಲ್ಲ."

ಕೇಳುವುದು ಏನಿತ್ತು? ಆ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ. ಚಳಿ ಬಿದ್ದು ನೊಣ ಕಡಿಮೆಯಾದ ಮೇಲೆ ಎಸ್ಟೇಟಿನ ಗಂಡು ಕುದುರೆಮರಿಗಳನ್ನು ಒಂದೊಂದಾಗಿ ಹಗ್ಗ ಹಾಕಿ ಕೆಡವುತ್ತೇವೆ. ಯಜಮಾನರು ಬೇಲಿಯ ಆಚೆ ನಿಂತು "ಈ ಕಂದು ಮರಿಗೆ ಏನು ಮಾಡೋಣ" ಅನ್ನುತ್ತಾರೆ. ನಾನು ಅದರ ಹಲ್ಲು, ಬೆನ್ನು, ಕಣ್ಣು ನೋಡಿ "ಬೀಜ ತೆಗೆದುಬಿಡೋದೇ ಒಳ್ಳೇದು" ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು, ಯಾರೂ ಎಷ್ಟು ಅಂತ ಕೇಳುವುದಿಲ್ಲ.

ಒಂದು ಕೆಳಗಿಳಿದು ಇನ್ನೊಂದು ಒಳಗೇ ಉಳಿದ ಕುದುರೆಗೆ ನಮ್ಮಲ್ಲಿ ಚಿಕ್ಲಾನ್ ಅನ್ನುತ್ತಾರೆ. ನೂರಕ್ಕೊಂದು ಹಾಗೆ ಹುಟ್ಟುತ್ತದೆ. ನನಗೆ ಕೆಲಸ ಕಲಿಸಿದ ಮುದುಕ ತಿಬುರ್ಸಿಯೊ ಅಂಥ ಮರಿಗೆ ಎರಡು ಕಟ್ಟಳೆ ಹೇಳಿಕೊಟ್ಟಿದ್ದ. ಒಳಗಿನದು ಕೈಗೆ ಸಿಗದಿದ್ದರೆ ಹೊರಗಿನದನ್ನು ಮುಟ್ಟಬೇಡ. ಒಳಗಿನದು ಸಿಕ್ಕಿ ತೆಗೆದೆಯೋ, ಹೊರಗಿನದನ್ನು ಬಿಡಬೇಡ. ಅರ್ಧ ಕೆಲಸ ಮಾಡಿದ ಕುದುರೆ ನೋಡುವುದಕ್ಕೆ ಸಾಧು, ಒಳಗೆ ಪುಂಡ. ಸಾಧು ಅಂತ ಕೊಂಡವನ ಎದೆಗೆ ಒದೆಯುತ್ತದೆ, ಮಾರಿದವನ ಹೆಸರು ಮಣ್ಣಾಗುತ್ತದೆ. ಆದ್ದರಿಂದ ಬೀಜ ತೆಗೆಯುವುದೆಂದರೆ ಪೂರಾ ತೆಗೆಯುವುದು. ಅರ್ಧ ಅನ್ನುವುದು ನಮ್ಮ ಕೆಲಸದಲ್ಲಿ ಮೋಸಕ್ಕೆ ಇನ್ನೊಂದು ಹೆಸರು.

ಹೀಗಾಗಿ ಡಾಕ್ಟರು ಹೇಳಿದ್ದು ನನಗೆ ಸರಿಯಾಗೇ ಅರ್ಥವಾಯಿತು ಅಂದುಕೊಂಡೆ. ಎರಡೂ ಹೋಗುತ್ತವೆ. ನಾನು ಬೀಜ ತೆಗೆದ ಕುದುರೆಯಾಗುತ್ತೇನೆ. ಅಥವಾ ಗಡ್ಡೆ ಬಂದು ಸಾಯುತ್ತೇನೆ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇದನ್ನು ಯೋಚಿಸಿದೆ. ಭಯವಾಯಿತೇ ಅಂದರೆ ಇಲ್ಲ. ಅಳು ಬಂತೇ ಅಂದರೆ ಅದೂ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಬೇರೆ ಯಾರದೋ ಕಾಲು ಚಿವುಟಿದ ಹಾಗಿರುತ್ತದಲ್ಲ, ಹಾಗಿತ್ತು. ಪಕ್ಕದ ಹೆಂಗಸು ತಿನ್ನುವುದಕ್ಕೆ ಕರಿದ ರೊಟ್ಟಿ ಕೊಟ್ಟಳು, ಇಸಿದುಕೊಂಡು ತಿಂದೆ.

ತಿಬುರ್ಸಿಯೊಗೆ ಈಗ ಕುದುರೆ ಹತ್ತುವ ಶಕ್ತಿ ಇಲ್ಲ. ಲಾಯದ ಬಾಗಿಲಲ್ಲಿ ಕೂತು ಚರ್ಮದ ಹಗ್ಗ ಹೆಣೆಯುತ್ತಾನೆ. ಅಪ್ಪ ಯಾರೆಂದು ತಿಳಿಯದ ನನ್ನನ್ನು ಚಿಕ್ಕಂದಿನಿಂದ ಸಾಕಿದವನು, ನನ್ನ ಮೈಯ ಗುಟ್ಟು ಅವನಿಗೆ ಗೊತ್ತು.

"ಏನಂದ ಡಾಕ್ಟ್ರು?"

"ತೆಗೀಬೇಕಂತೆ."

ಅವನು ಹೆಣೆಯುತ್ತಿದ್ದ ಎಳೆಯನ್ನು ಬಿಗಿದು ಎಳೆದ. "ಒಳಗಿಂದು ಸಿಕ್ತಾ ಅವನಿಗೆ?"

"ಸಿಕ್ತು. ಬೆರಳಲ್ಲಿ ಒತ್ತಿ ನೋಡ್ದ."

"ಹಂಗಾದ್ರೆ ಸರಿ. ಕೆಲಸ ಬಲ್ಲವನೇ. ಪೂರಾ ಮಾಡ್ತಾನೆ." ನನಗೆ ಸಮಾಧಾನ ಹೇಳಬೇಕು ಅನಿಸಿತೋ ಏನೋ, "ಬೀಜ ತೆಗೆದ ಕುದುರೆ ಜಾಸ್ತಿ ದಿನ ಬದುಕತ್ತೆ ಮಗಾ. ಮೈ ತುಂಬ್ಕೊಳತ್ತೆ. ಸಿಡಿಲು ಬಡಿದ್ರೂ ಬೆದರಲ್ಲ" ಅಂದ.

"ಗೊತ್ತು ಅಜ್ಜಾ."

"ಸೆಲ್ವಾಗೆ ಹೇಳ್ದ್ಯಾ?"

"ಇಲ್ಲ."

"ಮಕ್ಕಳು ಬೇಕು ಅಂತ ಆಸೆ ಇಟ್ಕೊಂಡಿರೋ ಹೆಣ್ಣು. ಹೇಳ್ಬಿಡು. ಮೋಸದ ವ್ಯಾಪಾರ ಬೇಡ."

ಸೆಲ್ವಾ ನಮ್ಮ ಎಸ್ಟೇಟಿನ ಪಕ್ಕದ ಹಳ್ಳಿಯ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ, ಶಾಲೆಯ ಹಿಂದಿನ ಎರಡು ಕೋಣೆಯಲ್ಲಿ ಇರುತ್ತಾಳೆ. ಆರು ವರ್ಷದಿಂದ ಪ್ರತಿ ಭಾನುವಾರ ನಾನು ಅಲ್ಲಿ. ಚಳಿಗಾಲ ಕಳೆದ ಮೇಲೆ ಮದುವೆ ಅಂತ ಪಾದ್ರಿಗೂ ಹೇಳಿಯಾಗಿತ್ತು. ಹೆಣ್ಣು ಹುಟ್ಟಿದರೆ ಅವಳಜ್ಜಿಯ ಹೆಸರು, ಗಂಡಾದರೆ ನನ್ನಿಷ್ಟ ಅಂತ ಅವಳೇ ಹಂಚಿಕೆ ಮಾಡಿದ್ದಳು. ನನಗೆ ಒಂದೇ ಇದೆ ಅನ್ನುವುದು ಅವಳಿಗೂ ಗೊತ್ತು. ಮೊದಲ ಸಲ ಗೊತ್ತಾದಾಗ ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. "ಹುಂಜಕ್ಕೆ ಎಷ್ಟಿದೆ ಅಂತ ಯಾರು ನೋಡಿದಾರೆ? ಮರಿ ಆದ್ರೆ ಸಾಕು" ಅಂತ ನಕ್ಕಿದ್ದಳು. ನನ್ನನ್ನು ನೋಡಿ ನಕ್ಕವರಲ್ಲಿ ನನಗೆ ಸಿಟ್ಟು ಬರದೇ ಇದ್ದದ್ದು ಅವಳೊಬ್ಬಳ ಮೇಲೆ.

ಆ ಭಾನುವಾರವೂ ಹೋದೆ. ಅವಳು ಸೋರೆಬುರುಡೆಯಲ್ಲಿ ಮಾಟೆ ಎಲೆ ತುಂಬಿ, ಬಿಸಿನೀರು ಹೊಯ್ದು, ಕೊಳವೆ ಇಟ್ಟು ಕೊಟ್ಟಳು. ಕಹಿ ಕಷಾಯ. ಹೀರಿ ಬುರುಡೆ ವಾಪಸು ಕೊಡಬೇಕು, ಅವಳು ಮತ್ತೆ ನೀರು ಹೊಯ್ದು ತಾನು ಕುಡಿದು ಮತ್ತೆ ನನಗೆ ಕೊಡಬೇಕು, ಹೀಗೇ ಕೆಟಲು ಖಾಲಿಯಾಗುವವರೆಗೆ. ಮಧ್ಯೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಹೇಳಿದರೆ ಸಾಕು, ಇನ್ನು ಕೊಡಬೇಡ ಅಂತ ಅರ್ಥ.

ನಾನು ಮೊದಲ ಬುರುಡೆಯನ್ನೇ ವಾಪಸು ಕೊಡುತ್ತಾ "ಥ್ಯಾಂಕ್ಸ್" ಅಂದೆ.

ಅವಳು ನನ್ನ ಮುಖ ನೋಡಿದಳು. "ಯಾಕೆ, ಹೊಟ್ಟೆ ಸರಿ ಇಲ್ವಾ?"

"ಮದುವೆ ಬೇಡ ಸೆಲ್ವಾ."

"ಯಾರಾದ್ರೂ ಇದಾಳಾ?"

"ಇಲ್ಲ."

"ಮತ್ತೆ?"

"ಬೇಡ, ಅಷ್ಟೆ. ನೀನು ಬೇರೆ ಯಾರನ್ನಾದ್ರೂ ನೋಡ್ಕೋ. ಇನ್ನೂ ವಯಸ್ಸಿದೆ."

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಬಹುಶಃ ಬಾಯಿ ಬಿಡುತ್ತಿದ್ದೆ. ಅವಳು ಕೇಳಿದ್ದು ಒಂದೇ, "ಕಾರಣ ಹೇಳಲ್ವಾ?" ನಾನು ಇಲ್ಲ ಅಂತ ತಲೆ ಆಡಿಸಿದೆ. ಇಂಥದ್ದನ್ನು ಒಬ್ಬ ಗಂಡಸು ಯಾವ ಬಾಯಲ್ಲಿ ಹೇಳುತ್ತಾನೆ? ಅವಳು ಬುರುಡೆಯ ಎಲೆಯನ್ನು ಅಂಗಳಕ್ಕೆ ಕೊಡವಿ ಒಳಗೆ ಹೋದಳು, ನಾನು ಗೇಟು ಹಾಕಿಕೊಂಡು ಬಂದೆ. ಅವಳಿಗೆ ಒಳ್ಳೆಯದು ಮಾಡಿದೆ ಅಂತಲೇ ಇತ್ತು ನನ್ನ ಮನಸ್ಸಿನಲ್ಲಿ.

ಎಸ್ಟೇಟಿನಲ್ಲಿ ಫೋನಿಲ್ಲ. ಪೇಟೆಯಿಂದ ಹಳ್ಳಿಗಾಡಿನ ಜನಕ್ಕೆ ಏನೇ ಸುದ್ದಿ ಹೇಳಬೇಕಾದರೂ ರೇಡಿಯೋಗೆ ಬರೆದು ಕೊಡುತ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿನ ಹುಡುಗಿ ಓದುತ್ತಾಳೆ. ಯಾರ ಅತ್ತೆ ಸತ್ತಳು, ಯಾರ ಚರ್ಮದ ಪೆಟ್ಟಿಗೆ ಬಸ್ಸಿನಲ್ಲಿ ಉಳಿಯಿತು, ಎಲ್ಲ ಎಲ್ಲರಿಗೂ ತಿಳಿಯುತ್ತದೆ. ಅವತ್ತು ನಾವು ಮರಿಗಳ ಕೆಲಸ ಮುಗಿಸಿ ಬೆಂಕಿ ಸುತ್ತ ಕೂತಿದ್ದೆವು. ತೆಗೆದದ್ದನ್ನು ಕೆಂಡದ ಮೇಲೆ ಹಾಕಿ, ಉಪ್ಪು ಉದುರಿಸಿ, ರೊಟ್ಟಿಯ ಜೊತೆ ತಿನ್ನುವುದು ನಮ್ಮ ರೂಢಿ. "ಅದೆಮಾರ್ ಪಿರೆಸ್ ಅವರು ಶಸ್ತ್ರಚಿಕಿತ್ಸೆಗಾಗಿ ಸೋಮವಾರ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಬರತಕ್ಕದ್ದು" ಅಂತ ರೇಡಿಯೋ ಹುಡುಗಿ ಓದಿದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ಏನಣ್ಣಾ, ಹರ್ನಿಯಾನಾ?" ಅಂದ ಒರೊಸ್ಮಾನ್. ಬಾಯಿ ಮುಚ್ಚಿ ಕೂರಲು ಬಾರದ ಆಳು ಅವನು.

"ಹೂಂ."

"ಭಾರ ಎತ್ತೋದು ಕಡಿಮೆ ಮಾಡು ಅಂತಾರೆ ನೋಡ್ತಿರು. ಸೆಲ್ವಾನೂ ಸೇರಿ."

ಎಲ್ಲರೂ ನಕ್ಕರು. ತಿಬುರ್ಸಿಯೊ ಮಾತ್ರ ನಗಲಿಲ್ಲ. ಕೆಂಡದ ಮೇಲಿಂದ ಒಂದನ್ನು ಚಾಕುವಿನ ತುದಿಗೆ ಚುಚ್ಚಿ ನನ್ನ ಕಡೆ ಚಾಚಿದ, ಕೂಡಲೇ ಏನೋ ನೆನಪಾದವನ ಹಾಗೆ ಹಿಂದಕ್ಕೆ ಎಳೆದುಕೊಂಡ. ನಾನು ಕೈ ಚಾಚಿ ಇಸಿದುಕೊಂಡೆ. ತಿಂದೆ. ಉಪ್ಪು ಸರಿಯಾಗಿತ್ತು.

ಸೋಮವಾರ ಆಸ್ಪತ್ರೆಯಲ್ಲಿ ಬಗ್ಗಿಸಿ ಕೂರಿಸಿ ಬೆನ್ನಿಗೆ ಸೂಜಿ ಚುಚ್ಚಿದರು. ಸೊಂಟದಿಂದ ಕೆಳಗೆ ನಿಧಾನಕ್ಕೆ ಬಿಸಿಯಾಗಿ ಆಮೇಲೆ ಏನೂ ಇಲ್ಲವಾಯಿತು. ಕಾಲೆತ್ತಿ ಅಂದರು, ಎತ್ತುವುದಕ್ಕೆ ಕಾಲೇ ಇರಲಿಲ್ಲ. ನಿಜ ಹೇಳುತ್ತೇನೆ, ಬಹಳ ದಿನದ ಮೇಲೆ ಮೈಯೂ ಮನಸ್ಸೂ ಒಂದೇ ತರಹ ಆಗಿ ನನಗೆ ಒಂಥರಾ ನೆಮ್ಮದಿಯಾಯಿತು. ಎದೆಯ ಮೇಲೆ ಅಡ್ಡಕ್ಕೆ ಹಸಿರು ಬಟ್ಟೆ ಕಟ್ಟಿದ್ದರು. ಅದರ ಆಚೆ ಡಾಕ್ಟರೂ ಅವರ ಸಹಾಯಕನೂ ಭಾನುವಾರದ ಫುಟ್‌ಬಾಲಿನ ವಿಷಯ ಮಾತಾಡುತ್ತಾ ಕೆಲಸ ಮಾಡುತ್ತಿದ್ದರು. ನಾವೂ ಮರಿಯನ್ನು ಕೆಡವಿಕೊಂಡು ಹಾಗೇ ಮಾತಾಡುತ್ತೇವೆ, ಅದರಲ್ಲಿ ತಪ್ಪೇನಿಲ್ಲ.

ಒಂದು ಸಲ ಒಳಗೆಲ್ಲೋ ಎಳೆದ ಹಾಗಾಯಿತು. ನೋವಲ್ಲ, ಬರೀ ಎಳೆತ. ಆ ಎಳೆತವನ್ನು ಇನ್ನೊಂದು ತುದಿಯಿಂದ ನಾನು ಬಲ್ಲೆ. ಕೈಗೆ ಸಿಕ್ಕಿತು ಅಂದುಕೊಂಡೆ.

"ಮುಗೀತು" ಅಂದರು ಡಾಕ್ಟರು. "ತೋರಿಸ್ಲಾ?"

"ಬೇಡ."

ಆ ಕಡೆ ಮುಖ ತಿರುಗಿಸಿದೆ. ತಟ್ಟೆಯಲ್ಲಿ ಇದ್ದದ್ದು ಎಷ್ಟು ಅಂತ ಆಗಲೇ ನೋಡಬಹುದಿತ್ತು.

ವಾರ್ಡಿನಲ್ಲಿ ಆ ರಾತ್ರಿ ಕಾಲಿಗೆ ಜೀವ ಬಂತು, ಗಾಯ ಉರಿಯಿತು. ಕೈಯನ್ನು ಮಾತ್ರ ಹೊದಿಕೆಯ ಮೇಲೇ ಇಟ್ಟುಕೊಂಡಿದ್ದೆ. ಕೆಲಸ ಮುಗಿದ ಮೇಲೆ ಮರಿಗೆ ಹಗ್ಗ ಬಿಚ್ಚುತ್ತೇವೆ. ಅದು ಏಳುತ್ತದೆ, ಒಂದು ಸಲ ಮೈ ಕೊಡವುತ್ತದೆ, ಸುತ್ತ ನೋಡುತ್ತದೆ, ಆಮೇಲೆ ಹುಲ್ಲಿಗೆ ಬಾಯಿ ಹಾಕುತ್ತದೆ. ಹಿಂದೆ ಏನು ಹೋಯಿತು ಅಂತ ತಿರುಗಿ ನೋಡಿದ ಮರಿಯನ್ನು ನಾನು ನೋಡಿಲ್ಲ. ನಾನೂ ಬೆಳಿಗ್ಗೆ ಕೊಟ್ಟ ಗಂಜಿ ಪೂರ್ತಿ ಕುಡಿದೆ.

ಪಟ್ಟಿ ಬದಲಾಯಿಸಲು ನರ್ಸ್ ಎಲ್ವಿರಾ ಬಂದಳು. ನನ್ನ ತಾಯಿಯ ವಯಸ್ಸಿನ ದಪ್ಪ ಹೆಂಗಸು. ನಾನು ಎರಡೂ ಕೈ ಅಡ್ಡ ಇಟ್ಟೆ.

"ಕೈ ತೆಗಿಯಪ್ಪಾ. ಏನು ಮುಚ್ಕೋತೀಯ? ಇರೋದು ಇದ್ದ ಜಾಗದಲ್ಲೇ ಇದೆ, ಯಾರೂ ಎತ್ಕೊಂಡು ಹೋಗಿಲ್ಲ."

"ಏನಿದೆ?"

"ಏನಿದೆ ಅಂದ್ರೆ? ನಿನ್ನ ಬಲಗಡೇದು."

"ಅದನ್ನೂ ತೆಗೆದಿದಾರಲ್ಲ?"

ಅವಳು ಪಟ್ಟಿ ಹಿಡಿದುಕೊಂಡೇ ನಿಂತಳು. "ಅಯ್ಯೋ ನನ್ನಪ್ಪಾ. ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಿಲ್ಲ. ಹಂಗೇ ಅಲ್ವಾ ಮಾಡೋದು?"

ಪಕ್ಕದ ಮಂಚದಲ್ಲಿ ಹರ್ನಿಯಾ ಆದ ಲಾರಿ ಡ್ರೈವರ್ ಇದ್ದ. ನಕ್ಕರೆ ಹೊಲಿಗೆ ನೋಯುತ್ತದೆ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ವಾರ್ಡಿನ ಆ ತುದಿಯವರೆಗೂ ಸುದ್ದಿ ಹೋಯಿತು. ಡಾಕ್ಟರು ರೌಂಡ್ಸಿಗೆ ಬಂದಾಗ ಅವರಿಗೂ ಯಾರೋ ಹೇಳಿದರು.

"ಎಡಗಡೇದು ಅಂತ ಹೇಳಿದ್ದೆನಲ್ಲ ನಾನು?" ಅಂದರು.

ಹೇಳಿರಬಹುದು. ಅಷ್ಟರಲ್ಲಿ ನನ್ನ ಕಿವಿ ಮುಚ್ಚಿರಬೇಕು.

"ಬಲಗಡೇದು ಆರೋಗ್ಯವಾಗಿದೆ. ಅದನ್ನ ಯಾಕೆ ಮುಟ್ಲಿ? ಮದುವೆ ಆಗಿದ್ಯಾ?"

"ಇಲ್ಲ."

"ಆಗಿ. ಮಕ್ಕಳಾಗೋದಕ್ಕೆ ಸಾಮಾನ್ಯವಾಗಿ ಒಂದು ಸಾಕು. ಅನುಮಾನ ಇದ್ರೆ ಬನ್ನಿ, ಪರೀಕ್ಷೆ ಮಾಡೋಣ."

ಅವರು ಮುಂದಿನ ಮಂಚಕ್ಕೆ ಹೋದರು. ನನಗೆ ಸಂತೋಷವಾಗಬೇಕಿತ್ತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಅವರಿಗೋಸ್ಕರವಾದರೂ ಸ್ವಲ್ಪ ನಗಬೇಕಿತ್ತು. ಸಂತೋಷ ಇರುವ ಜಾಗದಲ್ಲಿ ಹುಡುಕಿದೆ, ಇರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನನ್ನದು ಬಾಯಿದ್ದೂ ಬರಗಾಲ. ಸೆಲ್ವಾಗೆ ಹೇಳಬೇಕು ಅನ್ನುವುದೊಂದು ಮಾತ್ರ ತಲೆಯಲ್ಲಿತ್ತು. ಹೇಳಿದರೆ ಎಲ್ಲ ಮೊದಲಿನ ಹಾಗಾಗುತ್ತದೆ. ಕಾರಣ ಇತ್ತು, ಈಗ ಆ ಕಾರಣ ಇಲ್ಲ. ಲೆಕ್ಕ ಸರಿಯಾಗೇ ಇತ್ತು.

ಮನೆಗೆ ಕಳಿಸಿದ ದಿನ ಎಸ್ಟೇಟಿನವರೆಗೆ ಹೋಗದೆ ಶಾಲೆಯ ತಿರುವಿನಲ್ಲೇ ಬಸ್ಸಿಳಿದೆ. ಅಲ್ಲಿಂದ ಶಾಲೆಗೆ ಸ್ವಲ್ಪವೇ ದೂರ, ಆದರೂ ಕಾಲು ಅಗಲಿಸಿ ನಡೆಯಬೇಕಾದ್ದರಿಂದ ಬಹಳ ಹೊತ್ತು ಹಿಡಿಯಿತು. ಮಕ್ಕಳು ಒಳಗೆ ಮಗ್ಗಿ ಹೇಳುತ್ತಿದ್ದವು. ಸೆಲ್ವಾ ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು. ಒಲೆಯ ಮೇಲೆ ಕುರಿಮಾಂಸದ ಸಾರಿನ ದೊಡ್ಡ ಪಾತ್ರೆ.

"ಬದುಕಿದೀಯಾ?" ಅಂದಳು.

"ಹೂಂ."

"ಕೂತ್ಕೋ. ನಿಂತ್ರೆ ಹೊಲಿಗೆ ಬಿಚ್ಚೀತು."

ಬೆಂಚಿನ ಮೇಲೆ ಕೂತೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಹರ್ನಿಯಾ ಅಲ್ಲ. ಡಾಕ್ಟರು ಹೀಗಂದರು. ನಾನು ಹಾಗಂದುಕೊಂಡೆ. ತಿಬುರ್ಸಿಯೊನೂ ಹಾಗೇ ಅಂದ. ಈಗ ನೋಡಿದರೆ ಒಂದು ಉಳಿದಿದೆ, ಒಳ್ಳೆಯದೇ ಉಳಿದಿದೆ. ಜೀವಮಾನದಲ್ಲಿ ಒಟ್ಟಿಗೆ ಅಷ್ಟು ಮಾತಾಡಿದ್ದು ನಾನು ಅದೇ ಮೊದಲು.

ಅವಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ, ಏಪ್ರನ್ ಎತ್ತಿ ಬಾಯಿಗೆ ಒತ್ತಿಕೊಂಡಳು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ಅಂಥವರಿಬ್ಬರು ಸೇರ್ಕೊಂಡಿದೀರ ನೋಡು, ನೀನೂ ನಿನ್ನ ಮುದುಕನೂ."

ನನಗೂ ಸ್ವಲ್ಪ ನಗು ಬಂತು. ಸರಿಹೋಯಿತು ಅಂದುಕೊಂಡೆ.

ಅವಳು ಕಣ್ಣೊರೆಸಿಕೊಂಡು ಮತ್ತೆ ಕುಂಬಳಕಾಯಿ ಎತ್ತಿಕೊಂಡಳು. "ಅವತ್ತು ಮದುವೆ ಬೇಡ ಅಂದಿದ್ದು ಇದಕ್ಕಾ?"

"ಹೂಂ. ನಿನಗೆ ಮಕ್ಕಳು ಬೇಕಿತ್ತು. ಮೋಸ ಆಗ್ಬಾರ್ದು ಅಂತ."

"ನನ್ನ ಒಂದು ಮಾತು ಕೇಳಿದ್ಯಾ?"

"ಹೆಂಗೆ ಕೇಳೋದು ಅದನ್ನ?"

"ರೇಡಿಯೋದಲ್ಲಿ ನಿನ್ನ ಹೆಸರು ಬಂದಾಗ ನಾನು ಮಕ್ಕಳಿಗೆ ಬಡಿಸ್ತಿದ್ದೆ. ಸೌಟು ಅಲ್ಲೇ ಬಿಟ್ಟು ಹೋಗಿ ಬಟ್ಟೆ ಕಟ್ಟಿದೆ, ಪೇಟೆಗೆ ಬಂದು ನಿನ್ನ ಹತ್ರ ಇರೋಣ ಅಂತ. ಆಮೇಲೆ ಬೇಡ ಅಂದವನ ಬಾಗಿಲಿಗೆ ಯಾಕೆ ಹೋಗ್ಲಿ ಅನ್ನಿಸ್ತು. ಬಿಚ್ಚಿ ಮಡಚಿಟ್ಟೆ." ಅವಳು ಚಾಕು ಕೆಳಗಿಟ್ಟಳು. "ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ಎರಡೂ ತೆಗೆದುಬಿಟ್ಟಿದ್ರೆ ಇವತ್ತು ಈ ತಿರುವಿನಲ್ಲಿ ಬಸ್ಸಿಳೀತಿದ್ಯಾ?"

ಇಳಿಯುತ್ತಿದ್ದೆ ಅನ್ನಬಹುದಿತ್ತು. ಬೇರೆ ಯಾರಾದರೂ ಅನ್ನುತ್ತಿದ್ದರು. ನಾನು ಯೋಚಿಸಿ ನೋಡಿದೆ. ಕಿಟಕಿ ಪಕ್ಕ ಕೂತು ಶಾಲೆಯ ತಿರುವು ಬಂದಾಗ ಆ ಕಡೆ ಮುಖ ತಿರುಗಿಸಿ ಮುಂದೆ ಹೋಗುತ್ತಿದ್ದೆ.

"ಇಲ್ಲ" ಅಂದೆ.

ಅವಳು ತಲೆ ಆಡಿಸಿದಳು. ಸಿಟ್ಟು ಇರಲಿಲ್ಲ ಮುಖದಲ್ಲಿ. ಇದ್ದಿದ್ದರೆ ನನಗೆ ಹಿಡಿಯುವುದಕ್ಕೆ ಏನಾದರೂ ಸಿಗುತ್ತಿತ್ತು.

"ಎರಡೂ ಹೋಗಿದ್ರೂ ನಾನು ಬಾ ಅಂತಿದ್ದೆ, ಅದೆಮಾರ್. ಮಕ್ಕಳು ಬೇಕಿತ್ತು, ಅಳ್ತಿದ್ದೆ, ಒಂದಷ್ಟು ದಿನ ನಿನ್ನ ಬಯ್ತಿದ್ದೆ, ಆದ್ರೂ ಬಾ ಅಂತಿದ್ದೆ. ನೀನು ಒಂದು ಉಳೀತು ಅಂತ ಬಂದಿದೀಯ. ನಾಳೆ ಅದಕ್ಕೂ ಏನಾದ್ರೂ ಆದ್ರೆ, ಇಲ್ಲಾ ನನಗೇ ಏನಾದ್ರೂ ಆದ್ರೆ, ಮತ್ತೆ ಹೇಳ್ದೆ ಕೇಳ್ದೆ ಎದ್ದು ಹೋಗ್ತೀಯ. ನಾನು ದಿನಾ ಬಾಗಿಲು ನೋಡ್ಕೊಂಡು ಕೂರೋಕಾಗಲ್ಲ."

ಏನಾದರೂ ಹೇಳಬೇಕಿತ್ತು. ಹೇಳುವ ಮಾತು ಎಲ್ಲೋ ಇತ್ತು, ದಾರಿಯಲ್ಲೇ ಸಿಕ್ಕಿಕೊಂಡು ಕೆಳಗಿಳಿಯಲಿಲ್ಲ. ಅಷ್ಟರಲ್ಲಿ ಬೆಲ್ಲು ಹೊಡೆಯಿತು, ಮಕ್ಕಳು ತಟ್ಟೆ ಬಡಿಯುತ್ತಾ ನುಗ್ಗಿದವು. ಅವಳು ಎದ್ದು ಬಡಿಸುವುದಕ್ಕೆ ನಿಂತಳು. ಒಂದೊಂದು ಮಗುವಿನ ಹೆಸರು ಹಿಡಿದು ಬಯ್ಯುತ್ತಾ, ಹಾಕುತ್ತಾ ಬಂದು, ಕೊನೆಗೆ ಒಂದು ತಟ್ಟೆ ನನ್ನ ಮುಂದೆಯೂ ಇಟ್ಟಳು. ಮಾಂಸದ ಒಳ್ಳೆಯ ತುಂಡನ್ನೇ ಹಾಕಿದ್ದಳು.

"ಊಟ ಮಾಡ್ಕೊಂಡು ಹೋಗಿ" ಅಂದಳು. "ಬಸ್ಸಿಗೆ ಇನ್ನೂ ಹೊತ್ತಿದೆ. ಗಾಯಕ್ಕೆ ನೀರು ಸೋಕಿಸ್ಬೇಡಿ."

ಆರು ವರ್ಷ ನನ್ನನ್ನು ನೀನು ಅಂತಲೇ ಕರೆದವಳು. ಶಾಲೆಗೆ ಬರುವ ಇನ್‌ಸ್ಪೆಕ್ಟರಿಗೂ ಅವಳು ಹೀಗೇ ಬಡಿಸುತ್ತಾಳೆ, ಮರ್ಯಾದೆಯಾಗಿ. ನಾನು ಚಮಚ ಎತ್ತಿಕೊಂಡು ಸಾರು ಕುಡಿದೆ, ತಟ್ಟೆ ಖಾಲಿ ಮಾಡಿದೆ. ಸಾರು ಕುದಿಯುತ್ತಿತ್ತು ಅಂತ ಕಾಣುತ್ತದೆ. ನಾಲಿಗೆ ಸುಟ್ಟಿರುವುದು ಗೊತ್ತಾದದ್ದು ಬಸ್ಸು ಹತ್ತಿ ಕೂತ ಮೇಲೆ.